ಊಟ ಬಲ್ಲವನೆಂದುಕೊಂಡಿದ್ದೆ

ಮೊನ್ನೆ ನೆಂಟರ ಮನೆಯ ಗೃಹಪ್ರವೇಶದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ನನ್ನ ಪಕ್ಕದ ಎಲೆಗೆ ಕುಳಿತಿದ್ದರು. ನಾನು ಪೂರಿಯನ್ನು ಬೇಡವೆಂದೆ, ಪಾಯಸವನ್ನು ಬೇಡವೆಂದೆ, ಅನ್ನವನ್ನು ಒಂದು ಹಿಡಿಯಷ್ಟೇ ಹಾಕಿಸಿಕೊಂಡೆ. ಅವರು ನೋಡಿ ನೋಡಿ ಬೇಸತ್ತು, "ಏನ್ ಸಾರ್, ಗೋಧಿಯೂ ಬೇಡ, ಅನ್ನವೂ ಬೇಡ! ಇನ್ನು ಗಾಳಿ ಕುಡಿದುಕೊಂಡು ಬದುಕುತ್ತೀರೋ?" ಎಂದು ನಕ್ಕರು. ನಾನೂ ನಕ್ಕೆ. ಎಲೆಯ ಮುಂದೆ ಕುಳಿತು ವಿವರಿಸಿ ಹೇಳುವಷ್ಟು ಚಿಕ್ಕ ಕಥೆಯಲ್ಲ ಅದು. ಅಂದು ಹೇಳಲಾಗದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಮೂವತ್ತನಾಲ್ಕು ವರ್ಷಗಳ ಕಾಲ ಮಕ್ಕಳಿಗೆ ವಿಸ್ತರಿಸಿ ಹೇಳಿದವನು ನಾನು. ವಿಜ್ಞಾನದ ಮೇಷ್ಟ್ರಾಗಿದ್ದುದರಿಂದ ಗಾದೆಯ ಪೂರ್ವಾರ್ಧದ ಮೇಲೆ ನನಗೊಂದು ವಿಶೇಷ ಹಕ್ಕಿದೆಯೆಂಬ ಭಾವನೆಯೂ ಇತ್ತು. ಆಹಾರದ ಪಾಠ ಬಂದಾಗಲೆಲ್ಲ ಒಂದು ಪ್ರಯೋಗವನ್ನು ತಪ್ಪದೆ ಮಾಡಿಸುತ್ತಿದ್ದೆ. ಒಂದು ಹಿಡಿ ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ತೆಳುಬಟ್ಟೆಯಲ್ಲಿ ಕಟ್ಟಿ, ಬೋಗುಣಿಯ ನೀರಿನಲ್ಲಿ ಮೆಲ್ಲಗೆ ಹಿಸುಕಬೇಕು. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಆ ನೀರಿಗೆ ಎರಡು ಹನಿ ಅಯೋಡಿನ್ ಬಿಟ್ಟರೆ ಕಡುನೀಲಿ. ಅದು ಪಿಷ್ಟ. ಹಿಸುಕಿ ಹಿಸುಕಿ ನೀರು ತಿಳಿಯಾದ ಮೇಲೆ ಬಟ್ಟೆ ಬಿಚ್ಚಿದರೆ ಒಳಗೆ ಬೂದುಬಣ್ಣದ ಒಂದು ಅಂಟುಮುದ್ದೆ ಉಳಿದಿರುತ್ತದೆ. ಅದು ಗೋಧಿಯ ಪ್ರೋಟೀನು, ಗ್ಲುಟೆನ್. ಇಟಲಿಯ ಬೊಲೋನ್ಯ ನಗರದ ಬೆಕ್ಕಾರಿ ಎಂಬ ವಿದ್ವಾಂಸ 18ನೆಯ ಶತಮಾನದಲ್ಲಿಯೇ ಹೀಗೆ ಹಿಟ್ಟನ್ನು ತೊಳೆದು ಇವೆರಡನ್ನೂ ಬೇರ್ಪಡಿಸಿ ವಿವರಿಸಿದ್ದ. ಹುಡುಗರಿಗೆ ಬೆಕ್ಕಾರಿ ಬೇಕಿರಲಿಲ್ಲ. ಆ ಅಂಟನ್ನು ರಬ್ಬರಿನಂತೆ ಎಳೆದಾಡುವುದೇ ಅವರಿಗೆ ಹಬ್ಬ. ಬೋಗುಣಿಯ ನೀರಿನಲ್ಲಿ ಒಂದು, ಮುಷ್ಟಿಯೊಳಗೆ ಒಂದು. ಇವೆರಡೂ ಮುಂದೆ ನನ್ನನ್ನೇ ಹುಡುಕಿಕೊಂಡು ಬಂದಾವೆಂದು ಆಗ ಯಾರಿಗೆ ಗೊತ್ತಿತ್ತು?

ಮೊದಲು ಬಂದದ್ದು ಪಿಷ್ಟದ ಸರದಿ. 2006ರಲ್ಲಿ ನನಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ನಮ್ಮ ತುಮಕೂರು ಸೀಮೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಊರಿಗೆ ಊರೇ ವೈದ್ಯರು. "ರಾತ್ರಿ ಅನ್ನ ಬಿಡಿ, ಚಪಾತಿ ತಿನ್ನಿ" ಎಂಬುದು ಎಲ್ಲರ ಬಾಯಲ್ಲೂ ಇದ್ದ ಮಂತ್ರ. ನನ್ನ ಬಾಲ್ಯದಲ್ಲಿ ಗೋಧಿಯೆಂದರೆ ನಮ್ಮ ಹೊಲದ ಬೆಳೆಯಲ್ಲ. 1960ರ ದಶಕದಲ್ಲಿ ಅಮೆರಿಕದಿಂದ ಪಿ.ಎಲ್. 480ರ ಹಡಗುಗಳಲ್ಲಿ ಬಂದು ಪಡಿತರದ ಅಂಗಡಿ ಸೇರುತ್ತಿದ್ದ ಧಾನ್ಯ. ನಮ್ಮಪ್ಪ ಅದನ್ನು ಊಟವೆಂದೇ ಪರಿಗಣಿಸಿದವರಲ್ಲ. ಅಂಥ ಮನೆಯಲ್ಲಿ ಹುಟ್ಟಿದ ನಾನು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಗೋಧಿಯ ಭಕ್ತನಾದೆ. ಬೆಳಿಗ್ಗೆ ಗೋಧಿ ರವೆಯ ಉಪ್ಪಿಟ್ಟು, ರಾತ್ರಿ ಮೂರು ಚಪಾತಿ. ಪಥ್ಯ ಮಾಡುತ್ತಿದ್ದೇನೆಂಬ ಸಮಾಧಾನದಲ್ಲಿ ಒಮ್ಮೊಮ್ಮೆ ನಾಲ್ಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕವನ್ನು ನಾನು ನೋಡಿದ್ದು ಬಹಳ ತಡವಾಗಿ. ನೂರು ಗ್ರಾಂ ಅಕ್ಕಿಯಲ್ಲಿ ಶರ್ಕರಪಿಷ್ಟ ಸುಮಾರು 78 ಗ್ರಾಂ; ಜೋಳದಲ್ಲಿ 68; ರಾಗಿಯಲ್ಲಿ 67; ಗೋಧಿ ಹಿಟ್ಟಿನಲ್ಲಿ 64. ಅಕ್ಕಿಗೂ ಗೋಧಿಗೂ ವ್ಯತ್ಯಾಸವಿದೆ, ನಿಜ. ಆದರೆ ಒಂದು ಬಟ್ಟಲು ಅನ್ನವನ್ನು ಬಿಟ್ಟು ನಾಲ್ಕು ಚಪಾತಿ ತಿನ್ನುವವನಿಗೆ ಆ ವ್ಯತ್ಯಾಸದಿಂದ ಏನು ಲಾಭ? ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ಯಾರು ಹೆಚ್ಚೆಂದು ಜಗಳವಾಗುತ್ತದೆ. ನನ್ನ ಸಕ್ಕರೆಯ ಮುಂದೆ ಆ ಧಾನ್ಯಗಳೆಲ್ಲ ಹೆಚ್ಚುಕಡಿಮೆ ಒಂದೇ ಕುಲದವು. ಯಾವುದನ್ನು ತಿಂದೆ ಎನ್ನುವುದರಷ್ಟೇ ಎಷ್ಟು ತಿಂದೆ ಎನ್ನುವುದೂ ಮುಖ್ಯವೆಂಬುದು ಮೇಷ್ಟ್ರಿಗೇ ಹೊಳೆಯಲಿಲ್ಲ.

2012ರಲ್ಲಿ ನಿವೃತ್ತನಾದೆ. ಅದಾಗಿ ಎರಡು ಮೂರು ವರ್ಷಕ್ಕೆ ಮೈ ಇಳಿಯತೊಡಗಿತು. ಹೊಟ್ಟೆಯುಬ್ಬರ, ದಿನಕ್ಕೆ ನಾಲ್ಕೈದು ಸಲ ಭೇದಿ, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 7.8ಕ್ಕೆ ಇಳಿಯಿತು. ಕಬ್ಬಿಣಾಂಶದ ಮಾತ್ರೆಗಳನ್ನು ಡಬ್ಬಿಗಟ್ಟಲೆ ನುಂಗಿದರೂ ಅದು ಏರಲೊಲ್ಲದು. "ಸಕ್ಕರೆ ಕಾಯಿಲೆ ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ" ಎಂದರು ನೆರೆಯವರು. ಭೇದಿ ಮೆಟ್‌ಫಾರ್ಮಿನ್ ಮಾತ್ರೆಯದಿರಬಹುದು ಎಂದರು ಒಬ್ಬ ವೈದ್ಯರು. ಆ ಮಾತ್ರೆಯಿಂದ ಹಲವರಿಗೆ ಹಾಗಾಗುವುದುಂಟು, ಆದ್ದರಿಂದ ಅವರನ್ನು ದೂರುವಂತಿಲ್ಲ. ನನ್ನ ಹೆಂಡತಿ ಮಾತ್ರ ಏನೂ ಹೇಳದೆ, ಗಂಡ ಸೊರಗುತ್ತಿದ್ದಾನೆಂದು ಚಪಾತಿಗೆ ಇನ್ನಷ್ಟು ತುಪ್ಪ ಸವರುತ್ತಿದ್ದಳು. ರಾತ್ರಿ ದೀಪ ಆರಿಸಿದ ಮೇಲೆ ಅವಳು ಮಗ್ಗುಲಾಗಿ ಸದ್ದಿಲ್ಲದೆ ಅಳುತ್ತಿದ್ದುದು ನನಗೆ ತಿಳಿಯುತ್ತಿತ್ತು. ನಾನು ನಿದ್ರೆ ಬಂದವನಂತೆ ಮಲಗಿರುತ್ತಿದ್ದೆ.

2017ರಲ್ಲಿ ಮಗಳು ಹಟ ಹಿಡಿದು ಬೆಂಗಳೂರಿಗೆ ಕರೆದೊಯ್ದಳು. ಅಲ್ಲಿನ ಜೀರ್ಣಾಂಗ ತಜ್ಞರು ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ಎಲ್ಲವನ್ನೂ ಕೇಳಿಕೊಂಡು ಒಂದು ರಕ್ತಪರೀಕ್ಷೆ ಬರೆದುಕೊಟ್ಟರು. ಆಮೇಲೆ ಗಂಟಲಿನ ಮೂಲಕ ಕೊಳವೆ ಇಳಿಸಿ ಸಣ್ಣ ಕರುಳಿನ ಚೂರುಗಳನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. "ಫಲಿತಾಂಶ ಬರುವವರೆಗೆ ಗೋಧಿ ನಿಲ್ಲಿಸಬೇಡಿ, ನಿಲ್ಲಿಸಿದರೆ ರೋಗ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು" ಎಂದರು. ಆಗಲೇ ನನಗೆ ಅನುಮಾನ. ವರದಿ ಬಂತು: ಸೀಲಿಯಾಕ್ ರೋಗ. ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾವ್ಯವಸ್ಥೆಯೇ ಕೆರಳಿ ತನ್ನ ಕರುಳಿನ ಒಳಗೋಡೆಯ ಮೇಲೆ ದಾಳಿ ಮಾಡುತ್ತದೆ. ಆಹಾರವನ್ನು ಹೀರಿಕೊಳ್ಳಬೇಕಾದ ವಿಲ್ಲೈಗಳು, ಬೆರಳಿನಾಕಾರದ ಪುಟ್ಟ ರಚನೆಗಳು, ಸವೆದು ಮಟ್ಟಸವಾಗುತ್ತವೆ. ಕಬ್ಬಿಣವನ್ನು ಹೀರಿಕೊಳ್ಳುವ ಭಾಗವೇ ಮೊದಲು ಕೆಡುವುದರಿಂದ ಮಾತ್ರೆ ನುಂಗಿದರೂ ರಕ್ತ ಏರುವುದಿಲ್ಲ. ಆ ವಿಲ್ಲೈಗಳ ಚಿತ್ರವನ್ನು ನಾನು ಹಲಗೆಯ ಮೇಲೆ ಅದೆಷ್ಟು ಬಾರಿ ಬರೆದಿದ್ದೇನೋ!

ಈ ರೋಗ ಯಾವ ವಯಸ್ಸಿನಲ್ಲಿ ಬೇಕಾದರೂ ತಲೆಯೆತ್ತಬಹುದಂತೆ. ಗೋಧಿಯುಣ್ಣುವ ಉತ್ತರ ಭಾರತಕ್ಕೆ ಹೋಲಿಸಿದರೆ ನಮ್ಮ ದಕ್ಷಿಣದಲ್ಲಿ ಬಹಳ ಅಪರೂಪವೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತ್ತು. ಊರಿನ ವೈದ್ಯರಿಗೆ ಇದು ತಟ್ಟನೆ ನೆನಪಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಗೀ 1888ರಲ್ಲಿಯೇ ಈ ರೋಗವನ್ನು ಸ್ಪಷ್ಟವಾಗಿ ವರ್ಣಿಸಿ, ಗುಣವಾಗುವುದಾದರೆ ಆಹಾರದಿಂದಲೇ ಎಂದು ಊಹಿಸಿದ್ದರು. ಆದರೆ ಅಪರಾಧಿ ಗೋಧಿಯೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ, ಯುದ್ಧದ ಕ್ಷಾಮದಿಂದ ಹಾಲೆಂಡಿನಲ್ಲಿ ಬ್ರೆಡ್ ಸಿಗದಂತಾದಾಗ, ಊರೆಲ್ಲ ಹಸಿವಿನಿಂದ ನರಳುತ್ತಿದ್ದರೂ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡವು. ಡಿಕೆಯವರಿಗೆ ಮೊದಲೇ ಇದ್ದ ಅನುಮಾನ ಅದರಿಂದ ಗಟ್ಟಿಯಾಯಿತು. 1950ರಲ್ಲಿ ಅವರು ತಮ್ಮ ಪ್ರೌಢಪ್ರಬಂಧವನ್ನು ಮಂಡಿಸಿದರು. ಕ್ಷಾಮವೂ ಒಬ್ಬರಿಗೆ ಮದ್ದಾಗುವ ಈ ವಿಚಿತ್ರವನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ರೋಗದ ಹೆಸರು ಸಿಕ್ಕಿತು, ಇನ್ನು ಗುಣವಾದಂತೆಯೇ ಎಂದುಕೊಂಡೆ. ಆದರೆ ಒಂದು ವರ್ಷದೊಳಗೆ ಮೂರು ತಪ್ಪು ಮಾಡಿದೆ. ಇತರರಿಗೆ ಪಾಠವಾಗಲೆಂದು ಮೂರನ್ನೂ ಬರೆಯುತ್ತೇನೆ.

ಮೊದಲನೆಯದು ಬಿಸ್ಕತ್ತಿನ ತಪ್ಪು. ಮೊಮ್ಮಗ ಪ್ರೀತಿಯಿಂದ 'ಗ್ಲುಟೆನ್ ರಹಿತ' ಎಂದು ಅಚ್ಚಾದ ಬಿಸ್ಕತ್ತು, ಬ್ರೆಡ್ಡುಗಳನ್ನು ತರಿಸಿಕೊಟ್ಟ. ಪೊಟ್ಟಣದ ಮೇಲೆ ಅಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರಿಂದ ರೋಗಿಗಳಿಗೆಂದೇ ಮಾಡಿದ ಪದಾರ್ಥವೆಂದು ನಂಬಿ ನಿಶ್ಚಿಂತೆಯಿಂದ ತಿಂದೆ. ವಾರ ಕಳೆದ ಮೇಲೆ ಊಟವಾಗಿ ಎರಡು ಗಂಟೆಗೆ ನೋಡಿದರೆ ಸಕ್ಕರೆ 290. ಕನ್ನಡಕ ಹಾಕಿಕೊಂಡು ಚಿಕ್ಕ ಅಕ್ಷರಗಳನ್ನು ಓದಿದೆ: ಅಕ್ಕಿ ಹಿಟ್ಟು, ಮರಗೆಣಸಿನ ಪಿಷ್ಟ, ಸಕ್ಕರೆ. ಮುಷ್ಟಿಯೊಳಗಿನ ಅಂಟನ್ನು ತೆಗೆದು, ಬೋಗುಣಿಯೊಳಗಿನ ಪಿಷ್ಟವನ್ನೇ ಗಟ್ಟಿ ಮಾಡಿ ಕೊಟ್ಟಿದ್ದರು! ಗ್ಲುಟೆನ್ ರಹಿತವೆಂದರೆ ಸಕ್ಕರೆ ಕಾಯಿಲೆಗೆ ಹಿತವೆಂದು ಅರ್ಥವಲ್ಲ.

ಇದರಿಂದ ಹೆದರಿ ಎರಡನೆಯ ತಪ್ಪಿಗೆ ಬಿದ್ದೆ. ಎಲ್ಲ ಧಾನ್ಯಗಳನ್ನೂ ಒಂದೇ ದಿನ ಬಿಟ್ಟೆ. ಅನ್ನವಿಲ್ಲ, ಮುದ್ದೆಯಿಲ್ಲ, ಬೇಳೆಯೂ ಅಷ್ಟಕ್ಕಷ್ಟೆ. ಬರೀ ಸೊಪ್ಪು, ಸೌತೆಕಾಯಿ, ಮಜ್ಜಿಗೆ. ಶಿಸ್ತಿನ ಮೇಷ್ಟ್ರಲ್ಲವೇ! ಆದರೆ ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಮಾತ್ರೆಯನ್ನು ಎಂದಿನಂತೆ ನುಂಗುತ್ತಲೇ ಇದ್ದೆ. ನಾಲ್ಕನೆಯ ದಿನ ಬೆಳಗಿನ ಜಾವ ಮೂರು ಗಂಟೆಗೆ ಮೈಯೆಲ್ಲ ತಣ್ಣನೆಯ ಬೆವರು, ಕೈ ನಡುಕ, ನಾಲಿಗೆ ತೊದಲು. ಹೆಂಡತಿಯನ್ನು ಕರೆಯಲು ಹೋದರೆ ಅವಳ ಹೆಸರೇ ಬಾಯಿಗೆ ಬರಲೊಲ್ಲದು. ಅವಳು ಎದ್ದು ದೀಪ ಹಾಕಿ, ಒಂದು ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ ಕದಡಿ, ನನ್ನ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಯಂತ್ರದಲ್ಲಿ ನೋಡಿದಾಗ ಸಕ್ಕರೆ 48. ಹತ್ತು ವರ್ಷದಿಂದ ಯಾವುದನ್ನು ವಿಷವೆಂದು ದೂರ ಇಟ್ಟಿದ್ದೆನೋ ಅದೇ ಆ ರಾತ್ರಿ ಜೀವ ಉಳಿಸಿತು. "ಊಟ ಬದಲಿಸಿದರೆ ಮಾತ್ರೆಯ ಪ್ರಮಾಣವನ್ನೂ ಬದಲಿಸಬೇಕು, ಅದನ್ನು ನಮ್ಮನ್ನು ಕೇಳದೆ ಮಾಡಬಾರದು" ಎಂದು ಮಾರನೆಯ ದಿನ ವೈದ್ಯರು ಬೈದರು. ಹುಡುಗರನ್ನು ಬೈದು ಬದುಕಿದವನು ತಲೆ ತಗ್ಗಿಸಿ ಬೈಸಿಕೊಂಡೆ.

ಮೂರನೆಯದು ಪ್ರೀತಿಯ ತಪ್ಪು. 2018ರ ಯುಗಾದಿಗೆ ಅಕ್ಕನ ಮನೆಗೆ ಹೋಗಿದ್ದೆವು. ಅವ್ವ ತೀರಿಕೊಂಡ ಮೇಲೆ ನನಗೆ ತವರಿನಂತೆ ಇರುವವಳು ಅವಳೇ. ಮಂಡಿನೋವನ್ನು ಲೆಕ್ಕಿಸದೆ ಒಲೆಯ ಮುಂದೆ ನಿಂತು ಒಬ್ಬಟ್ಟು ಬೇಯಿಸಿದ್ದಳು. ನಾನು ಬೇಡವೆಂದಾಗ ಅವಳ ಮುಖ ಬಾಡಿತು. "ಒಂದು ಚೂರು ತಿಂದರೆ ಏನಾಗುತ್ತೋ? ನಾನೇನು ವಿಷ ಹಾಕ್ತೀನಾ?" ಎಂದಳು. ಅರ್ಧ ಒಬ್ಬಟ್ಟು ತಿಂದೆ. ಹೂರಣದ ಬೆಲ್ಲಕ್ಕೆ ಹೆದರಿದೆನೇ ಹೊರತು, ಕಣಕದ ಮೈದಾವನ್ನು 'ಇಷ್ಟೇ ಇಷ್ಟು' ಎಂದು ಲಘುವಾಗಿ ಎಣಿಸಿದೆ. ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಸುದ್ದಿ ತಿಳಿದ ಅಕ್ಕ ಫೋನಿನಲ್ಲಿ ಒಂದೇ ಸಮನೆ ಅತ್ತಳು. ನನ್ನ ಹೊಟ್ಟೆನೋವಿಗಿಂತ ಆ ಅಳು ಹೆಚ್ಚು ನೋಯಿಸಿತು.

ಹಾಸಿಗೆಯ ಮೇಲೆ ಮಲಗಿದ್ದ ಆ ಮೂರು ದಿನಗಳಲ್ಲಿ ನನಗೆ ನನ್ನ ತಪ್ಪಿನ ಸ್ವರೂಪ ಅರ್ಥವಾಯಿತು. ನನ್ನ ಎರಡು ಪಥ್ಯಗಳೂ ಒಂದೇ ಜಾತಿಯವಲ್ಲ. ಗ್ಲುಟೆನ್ನಿನ ವಿಷಯದಲ್ಲಿ 'ಸ್ವಲ್ಪ' ಎಂಬ ಮಾತಿಗೆ ಎಡೆಯಿಲ್ಲ. ನಮ್ಮ ದೇಶದ ನಿಯಮದಂತೆ ಗ್ಲುಟೆನ್ ರಹಿತವೆಂದು ಬರೆಯಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ ಅದು 20 ಮಿಲಿಗ್ರಾಂ ಮೀರುವಂತಿಲ್ಲ. ಇದರಿಂದಲೇ ಅದರ ಕಟ್ಟುನಿಟ್ಟು ತಿಳಿಯುತ್ತದೆ. ಪಿಷ್ಟದ ವಿಷಯದಲ್ಲಾದರೋ ಎಲ್ಲವೂ 'ಎಷ್ಟು' ಎಂಬುದರ ಮೇಲೆಯೇ ನಿಂತಿದೆ. ಹೆಚ್ಚಾದರೂ ಕೇಡು, ಔಷಧ ತಿನ್ನುವವನಿಗೆ ತೀರ ಕಡಿಮೆಯಾದರೂ ಕೇಡು. ಒಂದು ಬಾಗಿಲು, ಇನ್ನೊಂದು ತಕ್ಕಡಿ. ನಾನು ಬಾಗಿಲು ಹಾಕಬೇಕಾದಲ್ಲಿ ತಕ್ಕಡಿ ಹಿಡಿದೆ. ತಕ್ಕಡಿ ಹಿಡಿಯಬೇಕಾದಲ್ಲಿ ಬಾಗಿಲು ಹಾಕಿದೆ.

ಬಾಗಿಲನ್ನು ಭದ್ರಪಡಿಸುವ ಕೆಲಸವನ್ನು ಹೆಂಡತಿ ವಹಿಸಿಕೊಂಡಳು. ಗೋಧಿ, ಮೈದಾ, ರವೆ, ಶ್ಯಾವಿಗೆಗಳು ಮನೆಯಿಂದ ಹೊರಟವು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಯಾರೋ ತಂದುಕೊಟ್ಟಿದ್ದ ಕಪ್ಲಿ ಗೋಧಿಯೂ ಹೊರಟಿತು. ಹಳೆಯ ತಳಿಯಾದರೂ ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಕಾಲು ಊದಿದರೆ ಕುಡಿಯುತ್ತಿದ್ದ ಬಾರ್ಲಿ ನೀರೂ ನಿಂತಿತು. ಓಟ್ಸ್ ಸ್ವತಃ ಗೋಧಿಯಲ್ಲದಿದ್ದರೂ ಅದರೊಡನೆ ಬೆರೆತು ಬರುವ ಸಂಭವ ಹೆಚ್ಚಾದ್ದರಿಂದ ಅದೂ ಬೇಡವಾಯಿತು. ಎಲ್ಲಕ್ಕಿಂತ ಆಶ್ಚರ್ಯವೆಂದರೆ ಇಂಗು! ಅಂಗಡಿಯಲ್ಲಿ ಸಿಗುವ ಡಬ್ಬಿಯ ಇಂಗು ಶುದ್ಧ ಇಂಗಲ್ಲ. ಅದರ ಘಾಟನ್ನು ತಗ್ಗಿಸಲು ಗೋಂದು, ಹಿಟ್ಟುಗಳನ್ನು ಬೆರೆಸಿರುತ್ತಾರೆ, ಆ ಹಿಟ್ಟು ಎಷ್ಟೋ ವೇಳೆ ಗೋಧಿಯದು. ಚಪಾತಿ ಬಿಟ್ಟ ಮೇಲೂ ಇದು ಒಗ್ಗರಣೆಯ ಮೂಲಕ ದಿನವೂ ನನ್ನ ಹೊಟ್ಟೆ ಸೇರುತ್ತಿತ್ತು. ಇನ್ನೊಂದು ಕಳ್ಳದಾರಿ ಹಿಟ್ಟಿನ ಗಿರಣಿ. ಹಿಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ರಾಗಿ ಬಿದ್ದರೆ ರಾಗಿಯ ಶುದ್ಧತೆ ಎಲ್ಲಿ ಉಳಿಯಿತು? ಕಡೆಗೆ ಮನೆಯಲ್ಲೇ ಬೀಸುವ ಒಂದು ಚಿಕ್ಕ ಯಂತ್ರವನ್ನು ಕೊಂಡೆವು.

ತಕ್ಕಡಿಯನ್ನು ಹಿಡಿಯಲು ಕಲಿಸಿದವರು ಆಸ್ಪತ್ರೆಯ ಆಹಾರತಜ್ಞೆ. ಆಕೆ ಒಂದು ಹಾಳೆಯ ಮೇಲೆ ದುಂಡಗೆ ತಟ್ಟೆ ಬರೆದು ಭಾಗ ಮಾಡಿದಾಗ ನನಗೆ ನಗು ಬಂತು; ಅದು ನನ್ನದೇ ಹಲಗೆಯ ಚಿತ್ರ. ಅರ್ಧ ತಟ್ಟೆ ತರಕಾರಿ ಸೊಪ್ಪು, ಕಾಲು ಭಾಗ ಕಾಳು, ಮೊಟ್ಟೆ, ಮೊಸರು ಮುಂತಾದ ಪ್ರೋಟೀನು, ಉಳಿದ ಕಾಲು ಭಾಗ ಮಾತ್ರ ಧಾನ್ಯ. ದಿನಕ್ಕೆ 130 ಗ್ರಾಮಿಗಿಂತ ಕಡಿಮೆ ಶರ್ಕರಪಿಷ್ಟವಿರುವ ಊಟವನ್ನು ಸಾಮಾನ್ಯವಾಗಿ ಅಲ್ಪಶರ್ಕರ ಆಹಾರವೆನ್ನುತ್ತಾರೆ. ನನ್ನ ಮೂತ್ರಪಿಂಡಗಳ ಪರೀಕ್ಷೆ ಮಾಡಿಸಿ, ಮಾತ್ರೆ ಇಳಿಸಿ, ಆಮೇಲೆ ಆ ಮಿತಿಯ ಆಸುಪಾಸಿಗೆ ನನ್ನನ್ನು ತಂದು ನಿಲ್ಲಿಸಿದರು. ಬೆಳಿಗ್ಗೆ ಹೆಸರುಕಾಳಿನ ಎರಡು ದೋಸೆ, ಶೇಂಗಾ ಚಟ್ನಿ. ಮಧ್ಯಾಹ್ನ ಒಂದು ಜೋಳದ ರೊಟ್ಟಿ, ಎರಡು ಬಗೆಯ ಪಲ್ಯ, ಕಾಳಿನ ಸಾರು, ಮೊಸರು. ಸಂಜೆ ಒಂದು ಹಿಡಿ ಕಡಲೆಬೀಜ, ಅರ್ಧ ಸೀಬೆಹಣ್ಣು. ರಾತ್ರಿ ನಿಂಬೆಹಣ್ಣಿಗಿಂತ ತುಸು ದೊಡ್ಡ ಮುದ್ದೆ, ಬಸ್ಸಾರು, ಬೇಯಿಸಿದ ಮೊಟ್ಟೆ. ಮುದ್ದೆಯೂ ಪಿಷ್ಟವೇ ಎಂಬುದನ್ನು ಒಪ್ಪಿಕೊಳ್ಳಲು ನನ್ನಂಥ ಬಯಲುಸೀಮೆಯವನಿಗೆ ಕಷ್ಟವಾಯಿತು. "ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ" ಎಂದು ಕೇಳಿ ಬೆಳೆದವರು ನಾವು. ಆದರೆ ಕೀಳಲು ಬೆಟ್ಟವಿಲ್ಲದ ನಿವೃತ್ತನಿಗೆ ಅಪ್ಪನ ಗಾತ್ರದ ಮುದ್ದೆ ಏಕೆ? ನವಣೆ, ಸಾಮೆಗಳಿಗೂ ಇದೇ ಲೆಕ್ಕ. ಗ್ಲುಟೆನ್ ಇಲ್ಲ, ಪಿಷ್ಟ ಇದೆ.

ಜೋಳದ ರೊಟ್ಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು. 1978ರಲ್ಲಿ ನನ್ನ ಮೊದಲ ನೇಮಕವಾದದ್ದು ಆಗಿನ್ನೂ ಧಾರವಾಡ ಜಿಲ್ಲೆಗೆ ಸೇರಿದ್ದ ರೋಣ ತಾಲ್ಲೂಕಿನ ಒಂದು ಹಳ್ಳಿಗೆ. ಬಾಡಿಗೆ ಮನೆಯ ಯಜಮಾನಿ ನನ್ನ ಹೊಸ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಲಟ್ಟಸಬ್ಯಾಡವಾ, ಬಡೀಬೇಕು. ಕೈ ಮಾತ ಕೇಳತೈತಿ ಹಿಟ್ಟು" ಎಂದು ರೊಟ್ಟಿ ಬಡಿಯುವುದನ್ನು ಕಲಿಸಿದ್ದರು. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ, ಎಳೆದರೆ ಹರಿಯುತ್ತದೆ. ಅದಕ್ಕೇ ಬಿಸಿನೀರು ಹಾಕಿ ನಾದಿ, ಕೈಯಿಂದ ಬಡಿದು ಬಡಿದು ಅಗಲಿಸಬೇಕು. ನಲವತ್ತು ವರ್ಷಗಳ ಮೇಲೆ ಆ ವಿದ್ಯೆಯನ್ನು ಅವಳು ಮತ್ತೆ ನೆನಪು ಮಾಡಿಕೊಂಡಳು. ಮೊದಲ ನಾಲ್ಕು ರೊಟ್ಟಿ ಒಡೆದವು, ಐದನೆಯದು ಹಂಚಿನ ಮೇಲೆ ಉಬ್ಬಿತು. ಆ ದಿನ ಅವಳ ಮುಖದ ಮೇಲೆ ಎರಡು ವರ್ಷಗಳಿಂದ ಕಾಣದಿದ್ದ ನಗುವನ್ನು ಕಂಡೆ.

ಒಂದೂವರೆ ವರ್ಷದಲ್ಲಿ ಹಿಮೋಗ್ಲೋಬಿನ್ 12 ದಾಟಿತು. ಮೂರು ತಿಂಗಳ ಸರಾಸರಿ ಸಕ್ಕರೆ 9.1ರಿಂದ 6.9ಕ್ಕೆ ಇಳಿಯಿತು. ಕಾಯಿಲೆಗಳೆರಡೂ ಹೋಗಿಲ್ಲ, ನನ್ನೊಡನೆ ಮರ್ಯಾದೆಯಿಂದ ಬಾಳುತ್ತಿವೆ, ಅಷ್ಟೆ. ಇದನ್ನು ಓದಿ ಯಾರೂ ತಾವಾಗಿ ಗೋಧಿ ಬಿಡಬೇಕಾಗಿಲ್ಲ. ಗೋಧಿ ಒಗ್ಗುವವರಿಗೆ ಅದು ಒಳ್ಳೆಯ ಧಾನ್ಯವೇ. ಅನುಮಾನವಿದ್ದವರು ಬಿಡುವ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಿ. ಸಕ್ಕರೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನ ಮುದ್ದೆಗಳನ್ನು ಒಮ್ಮೆಲೇ ಕಡಿಯಬೇಡಿ. ಈ ಎರಡು ಮಾತುಗಳಿಗಾಗಿಯೇ ಇಷ್ಟನ್ನು ಬರೆದೆ.

ಮರುವರ್ಷದ ಯುಗಾದಿಗೆ ಅಕ್ಕನ ಮನೆಗೆ ಹೋಗಲು ಅಳುಕುತ್ತಲೇ ಹೊರಟೆ. ಎಲ್ಲರ ಎಲೆಗೂ ಒಬ್ಬಟ್ಟು ಬಿತ್ತು. ನನ್ನ ಮುಂದೆ ಅಕ್ಕ ಒಂದು ಪುಟ್ಟ ಬಟ್ಟಲನ್ನು ತಂದಿಟ್ಟಳು. ಅದರಲ್ಲಿ ಕಣಕವಿಲ್ಲದ ಬರೀ ಹೂರಣ, ಒಂದೇ ಒಂದು ಚಮಚ, ಮೇಲೊಂದು ತೊಟ್ಟು ತುಪ್ಪ. ಜೊತೆಗೆ ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ, ಒಬ್ಬಟ್ಟಿನ ಸಾರು. "ಕಣಕ ಕಲಸೋಕೆ ಮುಂಚೇನೇ ನಿಂದು ಮಾಡಿ ಮುಚ್ಚಿಟ್ಟಿದ್ದೆ. ಸಾರಿಗೆ ಇಂಗು ಹಾಕಿಲ್ಲ ಕಣೋ, ಬೆಳ್ಳುಳ್ಳಿ ಒಗ್ಗರಣೆ. ಡಬ್ಬಿ ಮೇಲೆ ಬರೆದಿದ್ದನ್ನ ಮೊಮ್ಮಗಳ ಕೈಲಿ ಓದಿಸಿದೆ" ಎಂದಳು.

ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು ನನ್ನ ಅಕ್ಕ. ಬಾಗಿಲು ಯಾವುದು, ತಕ್ಕಡಿ ಯಾವುದು ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಒಂದು ಚಮಚ ಹೂರಣವನ್ನು ನಾನು ಬಹಳ ಹೊತ್ತು ತಿಂದೆ.